ಅವ್ವ ಅನ್ನದ ಆಟ

ಕೆಂಚಮ್ಮ ಮಗಳ ಕೆನ್ನೆಗೆ ಹೊಡೆದುಬಿಟ್ಟಳು!

ಹೊಡೆದವಳಿಗೇ ನಂಬಿಕೆ ಬರಲಿಲ್ಲ. ಸಂಗೀತಳಿಗೆ ಮೂವತ್ತೊಂದು ತುಂಬಿತ್ತು. ಈ ಮೂವತ್ತೊಂದು ವರ್ಷಗಳಲ್ಲಿ ಕೆಂಚಮ್ಮ ಒಂದು ದಿನವೂ ಅವಳ ಮೇಲೆ ಕೈ ಎತ್ತಿದವಳಲ್ಲ. ಕುದಿಯುವ ಸಾರನ್ನು ಪಾತ್ರೆಸಮೇತ ನೆಲಕ್ಕೆ ಕೆಡವಿದಾಗಲೂ ಇಲ್ಲ, ಒಣಗಲು ಹಾಕಿದ ರಾಗಿಯ ಮೇಲೆ ಕುಣಿದಾಗಲೂ ಇಲ್ಲ. ಇವತ್ತು ಬೆಳಗಿನ ಬಸ್ಸಿಗೆ ಹೊರಡುವ ಅವಸರ. ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುತ್ತಿದ್ದಾಗ ಸಂಗೀತ ಎಂದಿನ ಹಾಗೆ "ಅವ್ವ, ನೋಯ್ತದ" ಎಂದಿದ್ದಳು. ಅಷ್ಟೇ... ಅಷ್ಟಕ್ಕೇ!

"ಅನ್ಬ್ಯಾಡ ಅಂದಿಲ್ವಾ ನಿಂಗ? ನೆನ್ನಿಂದ ಎಷ್ಟ್ ಸಲ ಏಳ್ಳಿ? ನನ್ನ ಅವ್ವ ಅನ್ಬ್ಯಾಡ ಕಣ... ಅನ್ಬ್ಯಾಡ!"

ಸಂಗೀತ ಕೆನ್ನೆ ಹಿಡಿದುಕೊಂಡು ತಾಯಿಯನ್ನೇ ನೋಡಿದಳು. ಅಳಲಿಲ್ಲ. ಏನಾಯಿತೆಂದು ತಿಳಿಯದೆ, ಬಾಗಿಲ ಹೊರಗಿನಿಂದ ಬೇರೆ ಯಾರಾದರೂ ಬಂದು ಹೊಡೆದು ಹೋದರೇನೋ ಎಂಬಂತೆ ಅತ್ತ ಒಮ್ಮೆ ತಿರುಗಿದಳು. ಆಮೇಲೆ ಮೆಲ್ಲಗೆ, "ಯಾಕವ್ವ?" ಎಂದಳು. ಕೆಂಚಮ್ಮ ಎಣ್ಣೆಯ ಕೈಯಲ್ಲೇ ಮಗಳನ್ನು ಎದೆಗೆ ಎಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದ ಗಂಡ ಶಿವಮಲ್ಲು ತಲೆ ಎತ್ತದೆ ಹೇಳಿದ:

"ಬುಡಮ್ಮಿ. ಒಡುದ್ರೆ ಅದ್ಕ ಏನ್ ಗೊತ್ತಾದ್ದು? ಬಸ್ಸಲ್ಲಿ ನಾ ಏಳ್ಕೊಡ್ತೀನಿ, ನಡಿ."

ಹೆತ್ತವಳೇ ಮಗಳ ಬಾಯಿಂದ ಆ ಒಂದು ಕರೆಯನ್ನು ಕಿತ್ತುಹಾಕಲು ಹೊರಟದ್ದು ಏಕೆಂದು ಕೇಳುತ್ತೀರಲ್ಲವೆ? ಹೇಳುತ್ತೇನೆ. ಆದರೆ ಕೇಳಿದ ಮೇಲೆ ಯಾರನ್ನು ಬೈಯಬೇಕೆಂದು ನನ್ನನ್ನು ಕೇಳಬೇಡಿ, ನನಗೂ ಗೊತ್ತಿಲ್ಲ.

ಸಂಗೀತ ಹುಟ್ಟುವಾಗಲೇ ಕಷ್ಟಪಟ್ಟು ಹುಟ್ಟಿದವಳು. ಮೈ ಬೆಳೆಯಿತು, ಬುದ್ಧಿ ಐದಾರು ವರ್ಷದ ಮಗುವಿನ ಬುದ್ಧಿಯಾಗಿಯೇ ನಿಂತಿತು. ಶಿವಮಲ್ಲು ಮೂವತ್ತನಾಲ್ಕು ವರ್ಷ ತಾಳಮಲೆಯ ಕಾಡಿನಲ್ಲಿ ಅರಣ್ಯ ಇಲಾಖೆಯ ವಾಚರ್ ಆಗಿದ್ದವನು. ಕೆಂಚಮ್ಮ ತಮಿಳುನಾಡಿಗೆ ಸೇರಿದ ಗಡಿಯೂರು ದೊಡ್ಡಗಾಜನೂರಿನ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಡುಗೆ ಮಾಡಿದವಳು. ಅವನು ಕಾಡಿನಲ್ಲಿ, ಇವಳು ಒಲೆಯ ಮುಂದೆ, ಇಬ್ಬರ ನಡುವೆ ಈ ಮಗಳು. ಶಾಲೆಯ ಅಡುಗೆಮನೆಯ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಲೇ ಸಂಗೀತ ದೊಡ್ಡವಳಾದಳು. ಕಳೆದ ವರ್ಷ ಗಂಡ ಹೆಂಡತಿ ಇಬ್ಬರೂ ಎರಡು ತಿಂಗಳ ಅಂತರದಲ್ಲಿ ನಿವೃತ್ತರಾದರು. ಇನ್ನಾದರೂ ಮೂವರೂ ಒಟ್ಟಿಗೆ ಕೂತು ಉಣ್ಣಬಹುದು ಅಂದುಕೊಂಡರು.

ಆದರೆ ಅಷ್ಟರಲ್ಲಿ ಮಗ ನಾಗೇಶನಿಗೆ ಮದುವೆಯಾಗಿತ್ತು. ಸೊಸೆ ಪರಿಮಳ ತಿಗನಾರೆಯವಳು. ಗಟ್ಟಿ ಹೆಣ್ಣು, ಕೆಲಸದಲ್ಲಿ ಒಂದು ಕೈ ಮುಂದು, ಮಾತಿನಲ್ಲಿ ಎರಡು ಕೈ ಮುಂದು. ಮನೆಗೆ ಬಂದ ವಾರದಲ್ಲೇ ಸಂಗೀತಳ ತಟ್ಟೆ ಕೊಟ್ಟಿಗೆಯ ಸೂರಿನ ಕೆಳಗೆ ಹೋಯಿತು. ಬಸುರಿಯಾದ ಮೇಲಂತೂ, "ಅದು ಮುಟ್ಟಿದ್ ನೀರ್ನ ನಾ ಕುಡಿಯಕ್ಕಿಲ್ಲ ಅತ್ತೆ. ನನ್ ಒಟ್ಟೇಲಿರದೂ ಇಂಗೇ ಆಗ್ಬುಟ್ರೆ?" ಎಂದು ನೆರೆಹೊರೆಯವರ ಎದುರಿಗೇ ಅಂದಳು. ಕೆಂಚಮ್ಮ ನುಂಗಿಕೊಂಡಳು. ಮೇಘ ಹುಟ್ಟಿದಳು, ಕೈಕಾಲು ಕಣ್ಣು ಕಿವಿ ಎಲ್ಲ ಸರಿಯಿದ್ದ ಹೆಣ್ಣು ಕೂಸು. ಇನ್ನು ಸೊಸೆಯ ಮನಸ್ಸು ಮೆತ್ತಗಾದೀತು ಎಂದು ಕೆಂಚಮ್ಮ ಕಾಯುತ್ತಿರುವಾಗಲೇ ಆ ದಿನ ಬಂತು.

ಪರಿಮಳ ಬಟ್ಟೆ ಒಗೆಯಲು ಹೋಗಿದ್ದಳು. ತೊಟ್ಟಿಲಲ್ಲಿ ಆರು ತಿಂಗಳ ಮೇಘ ಅಳುತ್ತಿತ್ತು. ಸಂಗೀತ ಕೂಸನ್ನು ಎತ್ತಿಕೊಂಡು ಸಮಾಧಾನ ಮಾಡುತ್ತ ಮಾಡುತ್ತ ಮನೆ ದಾಟಿದಳು, ಹೊಲ ದಾಟಿದಳು, ಆನೆ ಬಾರದಿರಲೆಂದು ಕಾಡಿನಂಚಿಗೆ ತೋಡಿದ ಕಂದಕಕ್ಕೆ ಇಳಿದು ನೆರಳಿನಲ್ಲಿ ಕೂತಳು. ಎರಡು ಗಂಟೆಯ ಹೊತ್ತು ಊರಿಗೆ ಊರೇ ಹುಡುಕಿತು! ಸಿಕ್ಕಾಗ ಕೂಸು ಅವಳ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಅವಳು ಸೆರಗಿನಿಂದ ನೊಣ ಓಡಿಸುತ್ತ, "ಶ್... ಕೂಸು ಮಲ್ಗದ" ಎಂದು ಬಂದವರನ್ನೆಲ್ಲ ಗದರಿಸಿದಳು. ಹಿಂದಿನ ವಾರವಷ್ಟೇ ಅದೇ ಕಂದಕದಲ್ಲಿ ಒಂಟಿ ಸಲಗದ ಹೆಜ್ಜೆ ಬಿದ್ದಿತ್ತು. ಪರಿಮಳ ಕೂಸನ್ನು ಕಿತ್ತುಕೊಂಡವಳು ಅದೇ ಸಂಜೆ ತಿಗನಾರೆಗೆ ಹೊರಟುಹೋದಳು. ಅವಳನ್ನು ಕೆಟ್ಟವಳೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನಮಗೆ ಸುಲಭ. ಆ ಎರಡು ಗಂಟೆ ಅವಳು ಪಟ್ಟದ್ದನ್ನು ನಾವು ಪಟ್ಟಿಲ್ಲವಲ್ಲ!

ಕರೆಯಲು ಹೋದ ಅತ್ತೆಗೆ ಅವಳು ಬಾಗಿಲಲ್ಲೇ ಹೇಳಿದಳು: "ನಾ ಬತ್ತೀನಿ ಅತ್ತೆ. ನಂಗೇನ್ ಗಂಡ ಬ್ಯಾಡ್ವಾ? ಆದ್ರ ಆ ಮನೇಲಿ ಇಲ್ಲಾ ಅದಿರ್ಬೇಕು, ಇಲ್ಲಾ ನಾನೂ ನನ್ ಕೂಸೂ ಇರ್ಬೇಕು. ನೀವೇ ಏಳಿ."

ನಾಗೇಶ ಖಾಲಿ ತೊಟ್ಟಿಲ ಪಕ್ಕ ಕೂತು ಅನ್ನ ಬಿಟ್ಟ. "ನಾ ಏನ್ ಮಾಡ್ಲವ್ವ? ತಂಗಿಯ ಎಲ್ಲಿಗ್ ಕಳಿಸ್ಲಿ, ಎಂಡ್ತಿಯ ಎಲ್ಲಿಂದ ತರ್ಲಿ?" ಎಂದು ತಾಯಿಯನ್ನೇ ಕೇಳಿದ. ಅವಳಿಗಾದರೂ ಏನು ಗೊತ್ತು?

ಮೊದಲು ಬೆಟ್ಟ ಇಳಿದು ತಮಿಳು ಸೀಮೆಯ ಒಂದು ಆಶ್ರಮಕ್ಕೆ ಸೇರಿಸಿ ನೋಡಿದರು. ಅಲ್ಲಿನವರು ಒಳ್ಳೆಯವರೇ. ಆದರೆ ತಾಳವಾಡಿ ಮಲೆಯ ಉಳಿದವರಂತೆ ಸಂಗೀತ ಸಂತೆ, ಆಫೀಸು ತಿರುಗಿ ಎರಡು ಭಾಷೆ ಕಲಿತವಳಲ್ಲ. ಅವಳಿಗಿದ್ದದ್ದು ಅವ್ವನ ಕನ್ನಡ ಒಂದೇ. ಅವರು ಪ್ರೀತಿಯಿಂದಲೇ "ಸಾಪ್ಪಿಡಮ್ಮಾ" ಎಂದು ಊಟಕ್ಕೆ ಕರೆದರೆ ಇವಳು ಬೈಯುತ್ತಿದ್ದಾರೆಂದು ಹೆದರಿ ಮೂಲೆ ಸೇರುತ್ತಿದ್ದಳು. ನಾಲ್ಕು ದಿನ ಒಂದು ತುತ್ತು ಮುಟ್ಟಲಿಲ್ಲ. ಐದನೆಯ ದಿನ ಅವರೇ ಫೋನ್ ಮಾಡಿ ಕರೆದುಕೊಂಡು ಹೋಗಿ ಎಂದರು.

ಆಗ ದಾರಿ ತೋರಿಸಿದವನು ತಾಳವಾಡಿಯ ಜೆರಾಕ್ಸ್ ಅಂಗಡಿಯ ಮುರುಗೇಶ. ಊರವರ ಅರ್ಜಿಗಳನ್ನೆಲ್ಲ ತಮಿಳಿನಲ್ಲಿ ಬರೆದುಕೊಡುವವನು ಅವನೇ. "ಮೈಸೂರಲ್ಲಿ ಕೆರೆ ಇಂದುಗಡೆ ಒಂದ್ ಆಶ್ರಮ ಅದ ಮಲ್ಲಣ್ಣ. ಎಲ್ಲಾ ಕನ್ನಡದೋರೆ, ಚೆಂದಾಗಿ ನೋಡ್ಕತಾರೆ. ಆದ್ರ ಕರ್ನಾಟಕದ ಅಡ್ರೆಸ್ ಕೇಳ್ತಾರೆ. ನಿಮ್ ಆಧಾರಲ್ಲಿ ಈರೋಡ್ ಜಿಲ್ಲೆ ಅಂತ ಅದಲ್ಲ..." ಎಂದು ತಲೆ ಕೆರೆದುಕೊಂಡ. ಆಮೇಲೆ ದನಿ ತಗ್ಗಿಸಿ, "ಯಾರೂ ದಿಕ್ಕಿಲ್ದೋರ್ನ ಮಾತ್ರ ಅಡ್ರೆಸ್ ಕೇಳ್ದೆ ತಗತಾರೆ. ಚಾಮರಾಜನಗರದ ಬಸ್ ಸ್ಟ್ಯಾಂಡಲ್ಲಿ ಸಿಕ್ತು, ನಮಗೂ ಅದ್ಕೂ ಏನೂ ಇಲ್ಲ ಅನ್ನಿ. ಅಷ್ಟೆ. ಅದು ಮಾತ್ರ ನಿಮ್ಮ ನೋಡಿ ಅವ್ವ ಅಪ್ಪ ಅನ್ಬಾರ್ದು" ಎಂದ.

ನೋಡಿ, ಈ ಗಡಿಯ ಜನರ ಪಾಡು! ಆಡುವ ಮಾತು ಒಂದು ಸರ್ಕಾರದ್ದು, ರೇಷನ್ ಕಾರ್ಡು ಇನ್ನೊಂದು ಸರ್ಕಾರದ್ದು. ತಮಿಳಿನ ಆಶ್ರಮದಲ್ಲಿ ಮಗಳಿಗೆ ಮಾತಿಲ್ಲ, ಕನ್ನಡದ ಆಶ್ರಮಕ್ಕೆ ಅವಳು ಹೊರಗಿನವಳು. ಹೆತ್ತವರಿದ್ದಾರೆ ಎಂಬುದೊಂದೇ ಅವಳಿಗೆ ಅಡ್ಡ. ಆ ಹೆತ್ತವರು ತಾವೇ ಇಲ್ಲವಾಗಲು ಒಪ್ಪಿಬಿಟ್ಟರು.

ಚಾಮರಾಜನಗರದ ಬಸ್ಸು ಗಡಿ ದಾಟುತ್ತಿದ್ದಾಗ ಶಿವಮಲ್ಲು ಮಗಳ ಕಡೆ ತಿರುಗಿ ಕೂತ. "ನೋಡ್ ಕೂಸೆ, ಇವತ್ತು ನಾವ್ ಮೂರು ಜನ ಒಂದ್ ಆಟ ಆಡ್ಮ. ಇವತ್ತು ನಾವೆಲ್ಲ ಯಾರೋ ಯಾರೋ. ನಿಂಗ ನಾವ್ ಗೊತ್ತಿಲ್ಲ, ನಮ್ಗ ನೀ ಗೊತ್ತಿಲ್ಲ. ಅವ್ವ, ಅಪ್ಪ, ಮಗಳೆ ಅಂತ ಯಾರ್ ಮೊದ್ಲು ಅಂತಾರೋ ಅವ್ರು ಸೋತಂಗೆ."

ಸಂಗೀತಳ ಕಣ್ಣು ಅರಳಿತು. "ಆಟವಾ? ನಾ ಗೆಲ್ತೀನಾ?"

ಚಿಕ್ಕಂದಿನಲ್ಲಿ ಊರ ಮಕ್ಕಳು ಅವಳನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದರೇ ಹೊರತು ಎಣಿಕೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಕುಂಟೆಬಿಲ್ಲೆಯಾಗಲಿ ಕಣ್ಣಾಮುಚ್ಚಾಲೆಯಾಗಲಿ, ಸಂಗೀತ ಗೆದ್ದಳು ಎಂದು ಈ ಮೂವತ್ತೊಂದು ವರ್ಷದಲ್ಲಿ ಯಾರೂ ಅಂದದ್ದಿಲ್ಲ.

"ಗೆಲ್ತೀಯ ಕಣವ್ವ" ಎಂದು ಶಿವಮಲ್ಲು ಕಿಟಕಿಯ ಹೊರಗೆ ನೋಡಿದ.

ಮೈಸೂರು ಮುಟ್ಟಿದಾಗ ಇನ್ನೂ ಹತ್ತೂವರೆ. ಆಶ್ರಮದವರು ಬರಹೇಳಿದ್ದು ನಾಲ್ಕು ಗಂಟೆಗೆ. ಅಷ್ಟು ಹೊತ್ತು ಏನು ಮಾಡುವುದು? ಮೂವತ್ತಾರು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, ಶಿವಮಲ್ಲು ಹೆಂಡತಿಗೆ ಮೈಸೂರು ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಮಗಳ ಚಿಕಿತ್ಸೆಗೆಂದು ಎಷ್ಟೋ ಸಲ ಬಂದು ದೊಡ್ಡಾಸ್ಪತ್ರೆಯ ಕಾರಿಡಾರುಗಳನ್ನು ಕಂಡಿದ್ದರು, ಊರನ್ನು ಕಂಡಿರಲಿಲ್ಲ. "ರಿಟೈರ್ ಆಗ್ಲಿ ತಡಿ, ಒಂದ್ ದಿನ ಪೂರಾ ಸುತ್ತಾಡ್ಮ" ಎಂದು ಮುಂದೂಡುತ್ತ ಬಂದ ದಿನ ಇದೇ ಆಗಿಹೋಯಿತು!

ಅರಮನೆಯನ್ನು ಬೇಲಿಯ ಹೊರಗಿನಿಂದ ನೋಡಿದರು. ದೊಡ್ಡ ಗಡಿಯಾರದ ಕೆಳಗೆ ನಿಂತು ಎಳನೀರು ಕುಡಿದರು. ಸಂಗೀತ ಟಾಂಗಾ ಕುದುರೆಗೆ ಕೈ ಮುಗಿದಳು. ನೋಡುವವರಿಗೆ ಒಂದು ನೆಮ್ಮದಿಯ ಸಂಸಾರ ಊರು ನೋಡಲು ಬಂದಿದೆ ಅನ್ನಿಸುತ್ತಿತ್ತೋ ಏನೋ. ಸಂಗೀತ ಮಾತ್ರ ಆಟ ಮರೆತು ಹತ್ತು ಹೆಜ್ಜೆಗೊಮ್ಮೆ "ಅವ್ವ, ಅಲ್ನೋಡು" ಎನ್ನುತ್ತಿದ್ದಳು. ಹಾಗಂದ ಕೂಡಲೇ ನಾಲಗೆ ಕಚ್ಚಿಕೊಂಡು, "ಸೋತ್ನಾ?" ಎಂದು ಮುಖ ಸಣ್ಣದು ಮಾಡುತ್ತಿದ್ದಳು. "ಇನ್ನೊಂದ್ ಸಲ ಸುರು ಮಾಡ್ಮ" ಎಂದು ಶಿವಮಲ್ಲು ಹೇಳುತ್ತಿದ್ದ. ಪ್ರತಿ ಸಲ ಮಗಳು ಸೋತಾಗಲೂ ಕೆಂಚಮ್ಮನ ಜೀವ ತಣ್ಣಗಾಗುತ್ತಿತ್ತು. ಬಾಯಲ್ಲಿ ಗೆಲ್ಲಲು ಕಲಿಸುತ್ತಿದ್ದವಳು ಒಳಗೊಳಗೇ ಮಾದಪ್ಪನಿಗೆ ಹರಕೆ ಹೊರುತ್ತಿದ್ದಳು, ಸೋಲಲಪ್ಪ... ನನ್ನ ಮಗಳು ಸೋಲಲಿ!

ಮಧ್ಯಾಹ್ನ ಕಾರಂಜಿ ಕೆರೆಗೆ ಬಂದರು. ಬಿಸಿಲು ನೀರಿನ ಮೇಲೆ ಬಿದ್ದಿತ್ತು. ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳು ಕಿಕ್ಕಿರಿದು ಕೂತಿದ್ದವು. ಆ ಹೊತ್ತಿಗೆ ಶಿವಮಲ್ಲು ಎಲ್ಲವನ್ನೂ ಮರೆತ! ಕಾಡಿನ ಮನುಷ್ಯ, ಮಾಡುವುದೇನು? "ಅದೋ, ದೊಡ್ಡ ಕೊಕ್ಕಿನ್ದು ಎಜ್ಜಾರ್ಲೆ. ಇತ್ಲಾಗ್ ರೆಕ್ಕೆ ಒಣಗಿಸ್ಕತಾ ಕೂತದಲ್ಲ, ಅದು ನೀರ್ಕಾಗೆ" ಎಂದು ಕೈ ಚಾಚಿ ತೋರಿಸುತ್ತ ನಕ್ಕ. ಕೆಂಚಮ್ಮ ಹಕ್ಕಿಯನ್ನು ನೋಡಲಿಲ್ಲ, ನಗುವ ಗಂಡನನ್ನು ನೋಡಿದಳು. ಎಷ್ಟು ವರ್ಷವಾಯಿತು ಈ ನಗು ನೋಡಿ... ಅವಳ ಮುಖ ಕಂಡದ್ದೇ ಅವನ ನಗು ಅರ್ಧಕ್ಕೆ ನಿಂತಿತು. ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಕೈ ಕೆಳಗಿಳಿಸಿದ.

ಹೊಟ್ಟೆಗೆ ಚುರುಮುರಿ ತೆಗೆದುಕೊಂಡರು. ಮೊದಲ ತುತ್ತನ್ನು ತಾಯಿಯ ಬಾಯಿಗಿಡುವುದು ಸಂಗೀತಳ ಅಭ್ಯಾಸ. ಪೊಟ್ಟಣದಿಂದ ಒಂದು ಹಿಡಿ ತೆಗೆದು, "ತಗೋ..." ಎಂದಳು. ಮುಂದಿನ ಮಾತು ತುಟಿಯವರೆಗೆ ಬಂದಿತ್ತು. ಕಣ್ಣು ಬಿಗಿಯಾಗಿ ಮುಚ್ಚಿ, ಮಾತ್ರೆ ನುಂಗುವವಳ ಹಾಗೆ ಕತ್ತು ಕೊಂಕಿಸಿ ಆ ಮಾತನ್ನು ನುಂಗಿಬಿಟ್ಟಳು! ಕಣ್ಣು ಬಿಟ್ಟು ಇಬ್ಬರ ಮುಖವನ್ನೂ ನೋಡಿದಳು, ಶಭಾಸ್ ಅನ್ನುತ್ತಾರೇನೋ ಎಂದು. ಕೆಂಚಮ್ಮನ ಬಾಯಲ್ಲಿದ್ದ ಪುರಿ ಒಳಗಿಳಿಯಲೇ ಇಲ್ಲ.

ಆಮೇಲೆ ಹತ್ತಿದ ದೋಣಿಯಲ್ಲಿ ಎದುರಿಗೆ ಕೂತಿದ್ದ ಹೆಂಗಸೊಬ್ಬಳು ಸಂಗೀತಳನ್ನು ನೋಡಿ ಕನಿಕರದಿಂದ, "ನಿಮ್ಮ ಮಗಳೇನಮ್ಮಾ?" ಎಂದು ಕೇಳಿದಳು. ಕೆಂಚಮ್ಮ ತುಟಿ ತೆರೆಯುವ ಮೊದಲೇ ಸಂಗೀತ ಉತ್ತರಿಸಿದಳು:

"ಅಲ್ಲ! ಇವ್ರು ಯಾರೋ! ನಂಗ ಗೊತ್ತಿಲ್ಲ!"

ಹೆಂಗಸು ಗಾಬರಿಯಾಗಿ ನಕ್ಕಳು. ಸಂಗೀತ ತಂದೆಯ ಕಡೆಗೆ ಹುಬ್ಬು ಹಾರಿಸಿದಳು. ಶಿವಮಲ್ಲು ತಲೆಯಾಡಿಸಿ ಒಪ್ಪಿದ. ಕೆಂಚಮ್ಮ ಬಗ್ಗಿ ನೀರಿನಲ್ಲಿ ಕೈಯಿಟ್ಟು, ಆ ನೀರನ್ನೇ ಮುಖಕ್ಕೆ ಹಚ್ಚಿಕೊಂಡಳು, ಕಣ್ಣೀರು ಯಾವುದು ಕೆರೆಯ ನೀರು ಯಾವುದು ಎಂದು ಯಾರಿಗೂ ತಿಳಿಯಬಾರದೆಂದು.

ನಾಲ್ಕು ಗಂಟೆಗೆ ಆಶ್ರಮದ ಜಗಲಿಯಲ್ಲಿದ್ದರು. ನೋಡಿಕೊಳ್ಳುವವರು ಚಿಕ್ಕತಾಯಮ್ಮ ಎಂಬ ಐವತ್ತೈದರ ಹೆಂಗಸು. ಮಾತು ಮೆತ್ತಗೆ, ಕಣ್ಣು ಮಾತ್ರ ಬಲು ಚುರುಕು. ಅಂಗಳದಲ್ಲಿ ಸಂಗೀತಳಂಥ ಹತ್ತಾರು ಹೆಣ್ಣುಮಕ್ಕಳು ಮಣಿ ಪೋಣಿಸುತ್ತ, ಕನ್ನಡದಲ್ಲಿ ಜಗಳವಾಡುತ್ತ ಕೂತಿದ್ದರು. ಗೋಡೆ ಸುಣ್ಣ ಕಂಡಿತ್ತು, ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಎಲ್ಲಿ ಕೊರತೆ ಹುಡುಕಲಿ ಎಂದು ನೋಡಿದ ಕೆಂಚಮ್ಮನಿಗೆ ಒಂದೂ ಸಿಗಲಿಲ್ಲ. ಸಿಕ್ಕಿದ್ದರೆ ಆಗಲೇ ಎದ್ದುಬಿಡುತ್ತಿದ್ದಳು.

"ಎಲ್ಲಿ ಸಿಕ್ಕಳು?" ಚಿಕ್ಕತಾಯಮ್ಮ ಕೇಳಿದರು.

"ಚಾಮರಾಜನಗರದ ಬಸ್ ಸ್ಟ್ಯಾಂಡಲ್ಲಿ. ಒಬ್ಳೇ ಕೂತಿತ್ತು" ಎಂದ ಶಿವಮಲ್ಲು. ದನಿ ಅವನದಾಗಿರಲಿಲ್ಲ.

"ಯಾವಾಗ?"

"ಇವತ್... ಇವತ್ ಬೆಳಗ್ಗೆ."

ಚಿಕ್ಕತಾಯಮ್ಮ ಸಂಗೀತಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೊಳೆಯುವ ಎಣ್ಣೆ, ತಿದ್ದಿ ಹೆಣೆದ ಎರಡು ಜಡೆ, ಕೆಂಪು ರಿಬ್ಬನ್ನು, ಕತ್ತರಿಸಿದ ಉಗುರು, ಇಸ್ತ್ರಿಯ ಲಂಗ. ಅನಾಥೆ ಎಂದು ಹೇಳಲು ಹೊರಟವರು ಮಗಳನ್ನು ಮದುವೆಮನೆಗೆ ಕಳಿಸುವ ಹಾಗೆ ಸಿಂಗರಿಸಿ ತಂದಿದ್ದರು! ಆಕೆ ಸಂಗೀತಳ ಎದುರು ಕುಕ್ಕರಗಾಲಲ್ಲಿ ಕೂತು ಕೇಳಿದರು:

"ನಿನ್ನ ಹೆಸರೇನು ಪುಟ್ಟಿ?"

"ಸಂಗೀತ."

"ಇವರಿಬ್ಬರು ಯಾರು ಹೇಳು?"

ಹೇಳಿಬಿಡಲಿ... ಹೇಳದಿರಲಿ... ಕೆಂಚಮ್ಮ ಎರಡನ್ನೂ ಒಟ್ಟಿಗೆ ಬೇಡಿದಳು. ಸಂಗೀತ ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದಿಷ್ಟೂ ತಡವರಿಸದೆ ಹೇಳಿದಳು: "ಯಾರೋ. ನಂಗ ಗೊತ್ತಿಲ್ಲ."

"ನಿಂಗೆ ಅವ್ವ ಅಪ್ಪ ಇಲ್ವಾ?"

"ಇಲ್ಲ."

ಚಿಕ್ಕತಾಯಮ್ಮ ನಿಧಾನವಾಗಿ ಎದ್ದು ಮೇಜಿನ ಬಳಿ ಹೋದರು. ಒಂದು ಹಾಳೆ ತೆಗೆದು ಶಿವಮಲ್ಲುವಿನ ಮುಂದಿಟ್ಟರು. "ನೋಡಿ ಯಜಮಾನರೆ, ನಾನು ಹೆಚ್ಚು ಕೇಳೋದಿಲ್ಲ. ಇವಳಿಗೆ ಯಾರೂ ಇಲ್ಲ ಅಂತ ನೀವು ಬರೆದುಕೊಡ್ತೀರಿ, ನಾವು ಪೊಲೀಸಿಗೂ ಹಾಗೇ ತಿಳಿಸ್ತೀವಿ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡ್ತೀನಿ. ಹಾಗೆ ಬರೆದ ಮೇಲೆ ನೀವು ಇವಳನ್ನ ನೋಡೋಕೆ ಬರೋ ಹಾಗಿಲ್ಲ. ಸಂಬಂಧ ಇಲ್ಲದವರನ್ನ ನಾವು ಒಳಗೆ ಬಿಡೋದಿಲ್ಲ. ಹಬ್ಬಕ್ಕೂ ಇಲ್ಲ, ಕಾಯಿಲೆ ಬಿದ್ದರೂ ಇಲ್ಲ."

ಇದನ್ನು ಮುರುಗೇಶ ಹೇಳಿರಲಿಲ್ಲ! ತಿಂಗಳಿಗೊಮ್ಮೆ ಬಂದು ನೋಡೋಣ, ರಾಗಿ ಉಂಡೆ ಕಟ್ಟಿ ತರೋಣ, ಯುಗಾದಿಗೆ ಹೊಸ ಲಂಗ ತರೋಣ ಎಂದು ಕೆಂಚಮ್ಮ ಬಸ್ಸಿನಲ್ಲೇ ಎಲ್ಲ ಯೋಚಿಸಿ ಇಟ್ಟಿದ್ದಳು. ಯಾರೂ ಅಲ್ಲ ಎಂದು ಒಮ್ಮೆ ಹೇಳಿದರೆ ಆಮೇಲೂ ಯಾರೂ ಅಲ್ಲ ಎಂಬ ಸರಳ ಮಾತು ಆ ಇಬ್ಬರು ಬಡಪಾಯಿಗಳ ತಲೆಗೆ ಹೊಳೆದೇ ಇರಲಿಲ್ಲ. ಶಿವಮಲ್ಲು ಪೆನ್ನು ಹಿಡಿದು ಹೆಂಡತಿಯನ್ನು ನೋಡಿದ. ಅವಳು ಅವನನ್ನು ನೋಡಿದಳು. ಅವಳ ಕಣ್ಣ ಮುಂದೆ ಖಾಲಿ ತೊಟ್ಟಿಲು ಬಂತು, ಅದರ ಪಕ್ಕ ಅನ್ನ ಬಿಟ್ಟು ಕೂತ ಮಗ ಬಂದ. "ಮಾಡಿ" ಎಂದಳು. ಅವನು ರುಜು ಮಾಡಿದ.

"ನಾವ್ ಓಗ್ಬುಟ್ ಬತ್ತೀವಿ" ಎಂದು ಕೆಂಚಮ್ಮ ಯಾರಿಗೆಂದಿಲ್ಲದೆ ಹೇಳಿ ಎದ್ದಳು. ಗೇಟಿನವರೆಗೆ ಹೇಗೆ ನಡೆದಳೋ ಆ ದೇವರೇ ಬಲ್ಲ. ಮಗಳು ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಬೆನ್ನೆಲ್ಲ ಕಿವಿಯಾಗಿತ್ತು. ಕೂಗು ಬರಲಿಲ್ಲ. ತಡೆಯಲಾರದೆ ತಿರುಗಿದಳು.

ಸಂಗೀತ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಎರಡೂ ಕೈಗಳನ್ನು ಒಂದರ ಮೇಲೊಂದಿಟ್ಟು ತನ್ನ ಬಾಯನ್ನು ತಾನೇ ಒತ್ತಿ ಹಿಡಿದುಕೊಂಡಿದ್ದಳು, ಆ ಮಾತು ತಪ್ಪಿ ಹೊರಗೆ ಬಂದುಬಿಡದಿರಲೆಂದು! ಕಣ್ಣಿಂದ ಧಾರಾಕಾರ ನೀರು ಹರಿದು ಬೆರಳಸಂದಿಯಲ್ಲಿ ಇಳಿಯುತ್ತಿತ್ತು. ಆದರೂ ಕೈ ತೆಗೆಯಲಿಲ್ಲ. ಗೆಲ್ಲಲೇಬೇಕಿತ್ತು ಅವಳಿಗೆ.

"ನನ್ ಮಗಳು ಕಣಮ್ಮಾ!" ಕೆಂಚಮ್ಮನ ಕೂಗಿಗೆ ಅಂಗಳದ ಹುಡುಗಿಯರೆಲ್ಲ ಎದ್ದು ನಿಂತರು. "ನಮ್ದು ಈರೋಡ್ ಜಿಲ್ಲೆ, ದೊಡ್ಡಗಾಜನೂರು! ಸುಳ್ಳೇಳುದ್ವಿ... ಎಲ್ಲಾ ಸುಳ್ಳು! ಒಂಬತ್ ತಿಂಗ್ಳು ಒತ್ತು ಎತ್ತೀವ್ನಿ ಕಣಮ್ಮ ಇದ್ನ... ನನ್ ಮಗಳು!" ಓಡಿಬಂದು ಸಂಗೀತಳನ್ನು ತಬ್ಬಿ ಮುಖ ತುಂಬ ಮುತ್ತಿಟ್ಟಳು. ಹಾಳೆಯನ್ನು ಕಸಿದು ಹರಿದಳು.

ಚಿಕ್ಕತಾಯಮ್ಮ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಜಡೆ ನೋಡಿದಾಗಲೇ ಗೊತ್ತಾಯ್ತಮ್ಮ. ನೀವಾಗಿ ಹೇಳ್ತೀರೇನೋ ಅಂತ ಕಾದೆ. ಆದರೆ ಈಗ ನಾನು ಇಟ್ಟುಕೊಳ್ಳೋ ಹಾಗಿಲ್ಲ. ನಿಮ್ಮ ಕಾಗದಪತ್ರ ಎಲ್ಲ ಆಚೆ ರಾಜ್ಯದ್ದು... ನನ್ನ ಕೈಲಿಲ್ಲ, ಕ್ಷಮಿಸಿ" ಎಂದರು. ಮೂವರಿಗೂ ಕಾಫಿ ತರಿಸಿಕೊಟ್ಟರು. ಶಿವಮಲ್ಲು ಮೆಟ್ಟಿಲ ಮೇಲೆ ಕೂತು, ಆ ಕಾಫಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಣ್ಣಗಾಗಲು ಬಿಟ್ಟ.

ಹಿಂದಿರುಗುವ ಬಸ್ಸಿನಲ್ಲಿ ಸಂಗೀತ ಇಬ್ಬರ ನಡುವೆ ಕೂತಿದ್ದಳು. ಕೆಂಚಮ್ಮ ಅವಳ ಗಲ್ಲ ಹಿಡಿದು, "ಆಟ ಮುಗೀತು ಕಣ್ ಮಗ. ಇನ್ ಅವ್ವ ಅನ್ನು" ಎಂದಳು.

ಸಂಗೀತ ತಲೆಯಾಡಿಸಿ ಒಲ್ಲೆನೆಂದಳು.

"ಮುಗೀತು ಅಂದ್ನಲ್ಲ. ಏ, ನೀವಾದ್ರೂ ಏಳಿ ಅದ್ಕ!"

"ಊ ಕಣ್ ಕೂಸೆ, ಮುಗೀತು. ಅವ್ವ ಅನ್ನು" ಎಂದ ಶಿವಮಲ್ಲು.

ಸಂಗೀತ ಇಬ್ಬರನ್ನೂ ಜಾಣತನದಿಂದ ನೋಡಿ ನಕ್ಕಳು. ತನ್ನನ್ನು ಸೋಲಿಸಲು ಇಬ್ಬರೂ ಹೂಡಿದ ಉಪಾಯವಿದು ಎಂದು ಅವಳಿಗೆ ಗೊತ್ತಾಗಿಹೋಗಿತ್ತು! "ಅಂದ್ರೆ ನಾ ಸೋತೋಯ್ತೀನಿ" ಎಂದಳು.

"ನೋಡು, ನಾನೇ ಸೋತೆ. ಮಗಳೆ! ಮಗಳೆ! ಅಂದ್ನಲ್ಲ... ನಾ ಸೋತೆ ಕಣವ್ವ!" ಎಂದಳು ಕೆಂಚಮ್ಮ.

ಸಂಗೀತ ಚಪ್ಪಾಳೆ ತಟ್ಟಿ ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು: "ಇವ್ರು ಸೋತ್ರು! ನಾ ಗೆದ್ದೆ! ನಾ ಗೆದ್ದೆ!" ಮುಂದಿನ ಸೀಟಿನವರು ತಿರುಗಿ ನಕ್ಕರು. ಅವಳು ಮಾತ್ರ ಆ ಕರೆಯನ್ನು ಕರೆಯಲಿಲ್ಲ. ಹುಟ್ಟಿದಂದಿನಿಂದ ಮೊದಲ ಸಲ ಸಿಕ್ಕ ಗೆಲುವನ್ನು ಯಾರು ತಾನೇ ಕೈಬಿಡುತ್ತಾರೆ?

ಮರುದಿನ ಕರೆಯಲಿಲ್ಲ, ಆ ವಾರವೂ ಕರೆಯಲಿಲ್ಲ. ಕೆಂಚಮ್ಮ ಬೇಡಿದಳು, ಗದರಿದಳು, ಬೆಲ್ಲ ಕೊಟ್ಟಳು, ಮಾದಪ್ಪನ ಆಣೆ ಇಟ್ಟಳು. ಒಂದು ಅಕ್ಷರ ಕಲಿಯಲು ವರ್ಷ ಹಿಡಿಯುವ ಹುಡುಗಿ, ಕಲಿತದ್ದನ್ನು ಬಿಡಲು ಎಷ್ಟು ವರ್ಷವೋ! ಬೆಳೆಗೆ ನುಗ್ಗಿದ ಆನೆಯ ಹಿಂಡನ್ನು ಬರೀ ಗಂಟಲಿನಿಂದ ಕಾಡಿಗೆ ತಿರುಗಿಸಿದ ಶಿವಮಲ್ಲುವಿಗೆ ಮಗಳ ಈ ಒಂದು ಮಾತನ್ನು ತಿರುಗಿಸಲು ಆಗಲಿಲ್ಲ. ಆಟ ಹೇಳಿಕೊಟ್ಟವನು ತಾನೇ ಎಂದು ಅವನು ಮಾತನ್ನೇ ಕಡಿಮೆ ಮಾಡಿದ.

ಕೊನೆಗೆ ಒಂದು ಬೆಳಿಗ್ಗೆ ಕೆಂಚಮ್ಮ ಮಗನನ್ನು ಕರೆದು ಹೇಳಿದಳು. "ಓಗ್ಲಾ ನಾಗೇಶ, ಎಂಡ್ತಿ ಮಗಿನ ಕರ್ಕಬಾ. ಮನೆ ನೀವಿಟ್ಕಳಿ. ತಾಳಮಲೇಲಿ ನಿಮ್ಮಪ್ಪನ್ ಜೊತೇಲಿದ್ದ ದೊಡ್ಡಯ್ಯನ ಅಳೇ ಮನೆ ಖಾಲಿ ಬಿದ್ದದ. ನಾವ್ ಮೂರು ಜನ ಅಲ್ಲಿಗ್ ಓಯ್ತೀವಿ."

"ಈ ವಯಸ್ಸಲ್ಲಿ ಆ ಕಾಡಲ್ಲಾ ಅವ್ವ?" ಎಂದು ನಾಗೇಶ ಅತ್ತ. ಬೇಡ ಎಂದು ಮಾತ್ರ ಹೇಳಲಿಲ್ಲ. ಅದನ್ನು ಕೆಂಚಮ್ಮ ಗಮನಿಸಿದಳು, ಗಮನಿಸಿಯೂ ಅವನ ತಲೆ ಸವರಿದಳು.

ಸಾಮಾನು ಕಟ್ಟುತ್ತಿದ್ದ ದಿನವೇ ಪರಿಮಳ ಬಂದಳು. ಆಶ್ರಮದ ಕಥೆಯೆಲ್ಲ ಗಂಡನಿಂದ ಕೇಳಿದ್ದಳು. ಹೊಸ್ತಿಲಲ್ಲೇ ನಿಂತು ಸೆರಗು ಕಚ್ಚಿಕೊಂಡು ಅತ್ತು, ಮೇಘಳನ್ನು ಅತ್ತೆಯ ತೋಳಿಗೆ ಹಾಕಿದಳು. "ನನ್ನ ಬಯ್ಕಬ್ಯಾಡಿ ಅತ್ತೆ. ಭಯ ಆಯ್ತದ ನಂಗ... ಏನ್ ಮಾಡ್ಲಿ, ಈಗ್ಲೂ ಭಯ ಆಯ್ತದ."

"ಇಲ್ಲ ಕಣವ್ವ. ನಿನ್ ಕೂಸು ಇವತ್ತಲ್ಲ ನಾಳೆ ನಿನ್ನ ಅವ್ವ ಅಂತದ. ಅದ್ನ ಕೇಳ್ಕಂಡು ಸುಖವಾಗಿರು" ಎಂದಳು ಕೆಂಚಮ್ಮ. ಪರಿಮಳ ಕುಸಿದು ಅವಳ ಕಾಲು ಹಿಡಿದುಕೊಂಡಳು. ಕೆಂಚಮ್ಮ ಕೂಸಿನ ನೆತ್ತಿ ಮೂಸಿ, ಮುತ್ತಿಟ್ಟು, ಅದರ ತಾಯಿಗೇ ಹಿಂದಿರುಗಿಸಿದಳು.

ಈಗ ಅವರು ತಾಳಮಲೆಗೆ ಬಂದು ಎಂಟು ತಿಂಗಳಾಯಿತು. ಸಂಗೀತ ಅಲ್ಲಿ ಸುಖವಾಗಿದ್ದಾಳೆ. ಮೂವರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ದೊಡ್ಡಯ್ಯನನ್ನು "ತಾತ" ಅನ್ನುತ್ತಾಳೆ, ಅವನ ಹೆಂಡತಿಯನ್ನು "ಅಜ್ಜಿ" ಅನ್ನುತ್ತಾಳೆ, ನಾಯಿಗೂ ಕೋಳಿಗೂ ಒಂದೊಂದು ಹೆಸರಿಟ್ಟಿದ್ದಾಳೆ. ಕೆಂಚಮ್ಮನನ್ನು ಕರೆಯಬೇಕಾದಾಗ ಹತ್ತಿರ ಬಂದು ಸೆರಗು ಜಗ್ಗುತ್ತಾಳೆ. ನಡುವೆ ಕೆಂಚಮ್ಮನಿಗೆ ಜ್ವರ ಬಂದು ಮೂರು ದಿನ ಕಣ್ಣು ಬಿಡದೆ ಮಲಗಿದ್ದಾಗ ತಲೆದೆಸೆ ಬಿಟ್ಟು ಕದಲಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕುತ್ತ, "ಎದ್ದೇಳಿ... ಎದ್ದೇಳಿ..." ಎಂದಳೇ ಹೊರತು ಆಗಲೂ ಆ ಮಾತು ಆಡಲಿಲ್ಲ. ಬಿಟ್ಟ ಕಣ್ಣಿಗೆ ಮಗಳು ಕಂಡಾಗ ಕೆಂಚಮ್ಮ ಅವ್ವ ಅನ್ನು ಎಂದು ಇನ್ನು ಬೇಡುವುದಿಲ್ಲವೆಂದು ತೀರ್ಮಾನ ಮಾಡಿಕೊಂಡಳು. ಬೇಡುವುದನ್ನು ಬಿಟ್ಟಳು.

ಸಂಗೀತ ಮಾತ್ರ ಆಟ ಬಿಡಲಿಲ್ಲ. ಪ್ರತಿದಿನ ಊಟದ ತಟ್ಟೆ ಮುಂದಿಟ್ಟ ಕೂಡಲೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾಳೆ. "ಕೇಳಿ" ಎನ್ನುತ್ತಾಳೆ. ಮೊದಮೊದಲು ಕೆಂಚಮ್ಮ ಕೇಳದೆ ಹಟ ಹಿಡಿದು ನೋಡಿದಳು. ಮಗಳು ಎರಡು ಹೊತ್ತು ಉಪವಾಸ ಕೂತಳೇ ಹೊರತು ಅನ್ನ ಮುಟ್ಟಲಿಲ್ಲ. ಈಗ ಹಟವಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ತುತ್ತು ಕೈಯಲ್ಲಿ ಹಿಡಿದು ಕೆಂಚಮ್ಮ ಕೇಳುತ್ತಾಳೆ:

"ನಾ ಯಾರವ್ವ?"

"ಯಾರೋ! ನಂಗ ಗೊತ್ತಿಲ್ಲ!"

"ಗೆದ್ದೆ ಕಣವ್ವ, ನೀನೇ ಗೆದ್ದೆ" ಎನ್ನುತ್ತಾಳೆ ಕೆಂಚಮ್ಮ. ಅಷ್ಟು ಹೇಳಿದ ಮೇಲೆಯೇ ಸಂಗೀತ ನಗುತ್ತ ತುತ್ತಿಗೆ ಬಾಯಿ ತೆರೆಯುತ್ತಾಳೆ.